ಹಣ ಪಡೆಯಲು ಪಿನ್ ಬೇಕಿಲ್ಲ

ಹಳೆಯ ಸೋಫಾ, ಬೈಕು, ಫ್ರಿಜ್ಜು ಮಾರಲು ಅಂತರ್ಜಾಲದಲ್ಲಿ ಜಾಹೀರಾತು ಹಾಕಿದವರಿಗೆ ಬರುವ ಮೋಸದ ಕರೆಗಳಿಗೆ ಒಂದು ಸಿದ್ಧ ಮಾದರಿ ಇದೆ. ಕರೆ ಮಾಡಿದವನು ಚೌಕಾಸಿಗೆ ಇಳಿಯುವುದಿಲ್ಲ, ವಸ್ತುವನ್ನು ನೋಡಲು ಬರುವುದೂ ಇಲ್ಲ. ತಾನು ಸೇನೆಯಲ್ಲೋ ಅರೆಸೇನಾ ಪಡೆಯಲ್ಲೋ ಇದ್ದೇನೆಂದು ಹೇಳಿ ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಕಳಿಸುತ್ತಾನೆ. ಆಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತದೆ. ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಮುಂಗಡ ಖಾತೆಗೆ ಬೀಳುತ್ತದೆ ಎಂಬುದು ಅವನ ಮಾತು. ಪಿನ್ ಒತ್ತಿದೊಡನೆ ಮಾರುವವರ ಖಾತೆಯಿಂದಲೇ ಹಣ ಹೋಗಿರುತ್ತದೆ. ಮನೆ ಬಾಡಿಗೆಗಿದೆ ಎಂದು ಜಾಹೀರಾತು ಕೊಟ್ಟ ಬೆಂಗಳೂರಿನ ಮಾಲೀಕರಿಗೂ ಇದೇ ಕರೆ ಬರುತ್ತದೆ. ಅಲ್ಲಿ ಅವನು ವರ್ಗವಾಗಿ ಬರುತ್ತಿರುವ ಅಧಿಕಾರಿ. ಇಷ್ಟೂ ನಡೆಯುವುದು ಆ ಕಪ್ಪು ಬಿಳುಪು ಚೌಕದೊಳಗೆ ಏನಿದೆ ಎಂಬುದು ಹೆಚ್ಚಿನವರಿಗೆ ತಿಳಿಯದ ಕಾರಣ.

ಕ್ಯೂಆರ್ ಕೋಡ್ ಹುಟ್ಟಿದ್ದು ಹಣಕ್ಕಾಗಿ ಅಲ್ಲ, ಕಾರಿನ ಬಿಡಿಭಾಗಗಳ ಲೆಕ್ಕಕ್ಕಾಗಿ. ಜಪಾನಿನ ಡೆನ್ಸೊ ಕಂಪನಿಯ ಎಂಜಿನಿಯರ್ ಮಸಾಹಿರೊ ಹಾರಾ ಮತ್ತವರ ತಂಡ 1994ರಲ್ಲಿ ಅದನ್ನು ರೂಪಿಸಿತು. ಆಗ ಬಳಕೆಯಲ್ಲಿದ್ದ ಬಾರ್‌ಕೋಡಿನಲ್ಲಿ ಸುಮಾರು 20 ಅಕ್ಷರಗಳಷ್ಟೇ ಹಿಡಿಯುತ್ತಿದ್ದವು, ಒಂದೊಂದು ಪೆಟ್ಟಿಗೆಗೂ ಹಲವು ಬಾರ್‌ಕೋಡ್ ಅಂಟಿಸಬೇಕಾಗುತ್ತಿತ್ತು. ಬಿಡುವಿನಲ್ಲಿ ಆಡುತ್ತಿದ್ದ 'ಗೋ' ಆಟದ ಕಪ್ಪು ಬಿಳಿ ಕಾಯಿಗಳು ಹಾರಾ ಅವರಿಗೆ ದಾರಿ ತೋರಿಸಿದವು. ಮಾಹಿತಿಯನ್ನು ಅಡ್ಡಕ್ಕೂ ಉದ್ದಕ್ಕೂ ಹರಡಿದಾಗ ಒಂದೇ ಚೌಕದಲ್ಲಿ 7,089 ಅಂಕಿಗಳವರೆಗೆ ಹಿಡಿಯಿತು. ಮೂರು ಮೂಲೆಗಳ ದೊಡ್ಡ ಚೌಕಗಳು ಯಂತ್ರಕ್ಕೆ ಕೋಡಿನ ದಿಕ್ಕನ್ನು ತಿಳಿಸುತ್ತವೆ. ಅವುಗಳಲ್ಲಿ ಕಪ್ಪು ಬಿಳುಪು ಪಟ್ಟಿಗಳ ಅನುಪಾತ 1:1:3:1:1. ಮುದ್ರಿತ ಹಾಳೆಗಳನ್ನು ರಾಶಿಗಟ್ಟಲೆ ಪರಿಶೀಲಿಸಿ, ಅತಿ ವಿರಳವಾಗಿ ಕಾಣುವ ಅನುಪಾತ ಇದೆಂದು ಆರಿಸಿದರು. ಚೌಕದ ಸ್ವಲ್ಪ ಭಾಗ ಹರಿದರೂ ಮಸಿ ಹಿಡಿದರೂ ಓದಲು ಬರುವುದಕ್ಕೆ ಗಣಿತಜ್ಞರಾದ ರೀಡ್ ಮತ್ತು ಸಾಲಮನ್ 1960ರಲ್ಲಿ ಕೊಟ್ಟ ಸೂತ್ರ ಕಾರಣ.

ಇಷ್ಟೆಲ್ಲ ಜಾಣತನ ಇದ್ದರೂ ಚೌಕದೊಳಗೆ ಇರುವುದು ಬರೀ ಒಂದು ಸಾಲು ಬರಹ. ಯುಪಿಐ ಪಾವತಿಯ ಕೋಡಾದರೆ ಆ ಸಾಲು 'ಯುಪಿಐ' ಎಂದು ಆರಂಭವಾಗಿ, ಬೆನ್ನಿಗೇ 'ಪೇ', ಅಂದರೆ 'ಕೊಡು' ಎಂಬ ಆಜ್ಞೆ ಬರುತ್ತದೆ. ಹಣ ಸೇರಬೇಕಾದವರ ವಿಳಾಸ, ಹೆಸರು, ಕೆಲವೊಮ್ಮೆ ಮೊತ್ತ ಅದರ ಮುಂದೆ ಇರುತ್ತವೆ. ಸ್ಕ್ಯಾನ್ ಮಾಡಿದವರ ಖಾತೆಗೆ ಹಣ ತುಂಬುವ ಆಜ್ಞೆ ಅದರಲ್ಲಿಲ್ಲ.

ಬ್ಯಾಂಕಿನ ಚೆಕ್ಕಿಗೆ ಹೋಲಿಸಿದರೆ ವಿಷಯ ತಿಳಿಯಾಗುತ್ತದೆ. ಕ್ಯೂಆರ್ ಕೋಡ್ ಎಂದರೆ ಪಡೆಯುವವರ ಹೆಸರನ್ನು, ಕೆಲವೊಮ್ಮೆ ಮೊತ್ತವನ್ನೂ ಮೊದಲೇ ಬರೆದಿಟ್ಟ ಚೆಕ್ಕು. ಪಿನ್ ಎಂದರೆ ಅದರ ಕೆಳಗಿನ ಸಹಿ. ಚೆಕ್ಕಿಗೆ ಸಹಿ ಹಾಕುವುದು ಹಣ ಕೊಡುವವರು. ಸಾವಿರ ರೂಪಾಯಿ ಕೊಡಲು ಬಂದವನು ಎದುರಿನವರ ಚೆಕ್ ಪುಸ್ತಕ ತೆಗೆಸಿ, ತನ್ನ ಹೆಸರು ಬರೆದು 'ಇಲ್ಲಿ ಸಹಿ ಹಾಕಿ, ದುಡ್ಡು ನಿಮಗೆ ಬರುತ್ತದೆ' ಎಂದರೆ ಯಾರೂ ನಂಬುವುದಿಲ್ಲ. ಫೋನಿನ ಪರದೆಯ ಮೇಲೆ ಚೆಕ್ಕೂ ಕಾಣದು, ಸಹಿಯೂ ಕಾಣದು; ಹಾಗಾಗಿ ಅದೇ ಮಾತು ಅಲ್ಲಿ ಚಲಾವಣೆಯಾಗುತ್ತದೆ.

ಭಾರತೀಯ ರಾಷ್ಟ್ರೀಯ ಪಾವತಿ ನಿಗಮ 2016ರಲ್ಲಿ ಯುಪಿಐ ತಂದಾಗ ಹಣ ಕಳಿಸುವುದರ ಜೊತೆಗೆ ಹಣ ಕೇಳುವ ಸೌಲಭ್ಯವೂ ಇತ್ತು. ಆ ಕೋರಿಕೆಗೆ ಒಪ್ಪಿ ಪಿನ್ ಒತ್ತಿದರೆ ಹಣ ಹೋಗುತ್ತಿತ್ತು. ವಂಚಕರು ಅದನ್ನೇ ಹಣ ಪಡೆಯುವ ಗುಂಡಿ ಎಂದು ನಂಬಿಸುತ್ತಿದ್ದರು. ವ್ಯಕ್ತಿಗಳ ನಡುವಿನ ಈ ಸೌಲಭ್ಯವನ್ನು ನಿಗಮ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಆದರೂ ಕ್ಯೂಆರ್ ಕೋಡಿನ ದಾರಿ ಉಳಿದಿದೆ.

ಮೋಸಹೋದವರನ್ನು ದಡ್ಡರೆನ್ನುವುದು ಸುಲಭ, ಸರಿಯಲ್ಲ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿ ಹಿಡಿದು, ಒಂದು ಪಕ್ಷಕ್ಕೆ ಗೊತ್ತಿರುವುದು ಇನ್ನೊಂದಕ್ಕೆ ಗೊತ್ತಿಲ್ಲದಿದ್ದರೆ ವ್ಯಾಪಾರ ಹೇಗೆ ಕೆಡುತ್ತದೆಂದು ತೋರಿಸಿದರು. ಅಲ್ಲಿ ಕತ್ತಲಲ್ಲಿರುವುದು ಕೊಳ್ಳುವವನು, ಇಲ್ಲಿ ಮಾರುವವನು. ಆ ಕತ್ತಲನ್ನು ತುಂಬಲು ಸಮವಸ್ತ್ರದ ಫೋಟೊ ಬರುತ್ತದೆ. ಮೊದಲು ಐದು ರೂಪಾಯಿ ತೆಗೆದುಕೊಂಡು ಹತ್ತು ಮರಳಿಸುವ 'ಪರೀಕ್ಷೆ'ಯೂ ಅದಕ್ಕೇ. ಮೈಕ್ರೊಸಾಫ್ಟ್‌ನ ಸಂಶೋಧಕ ಕಾರ್ಮಕ್ ಹರ್ಲಿ 2012ರಲ್ಲಿ ಇನ್ನೊಂದು ಸಂಗತಿ ವಿವರಿಸಿದರು. ನಂಬಲಾಗದ ಕತೆ ಹೇಳುವುದು ವಂಚಕನಿಗೆ ಲಾಭವೇ. ಸಂಶಯ ಪಡುವವರು ಆರಂಭದಲ್ಲೇ ಫೋನ್ ಇಡುತ್ತಾರೆ, ಅವನ ಶ್ರಮ ಉಳಿಯುತ್ತದೆ.

ಜಾಹೀರಾತಿನ ಇನ್ನೊಂದು ಅಪಾಯ ಮನೆಗೆ ಸಂಬಂಧಿಸಿದ್ದು. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೊದ ಕಡತದೊಳಗೆ ಅಕ್ಷಾಂಶ ರೇಖಾಂಶಗಳೂ ಸೇರಿರಬಹುದು. ಅಕ್ಷಾಂಶವನ್ನು ದಶಮಾಂಶದ ಐದು ಸ್ಥಾನಗಳವರೆಗೆ ಬರೆದರೆ ಅದು ಸುಮಾರು ಒಂದು ಮೀಟರಿನಷ್ಟು ನಿಖರ. ಕಡತದಲ್ಲಿ ಇಲ್ಲದ್ದನ್ನು ಚಿತ್ರವೇ ಹೇಳಿಬಿಡುವುದೂ ಉಂಟು: ಮನೆಯ ಸಂಖ್ಯೆ, ಬಾಗಿಲ ಚಿಲಕ, ಗೋಡೆಗೆ ನೇತುಹಾಕಿದ ಕೀಲಿಕೈ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು 2008ರಲ್ಲಿ, ಸುಮಾರು 60 ಮೀಟರ್ ದೂರದ ಮೇಜಿನ ಮೇಲಿದ್ದ ಕೀಲಿಕೈಯನ್ನು ಚಾವಣಿಯಿಂದ ಫೋಟೊ ತೆಗೆದು, ಹಲ್ಲುಗಳ ಅಳತೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನಕಲು ಮಾಡಬಹುದೆಂದು ತೋರಿಸಿದರು.

ಆದ್ದರಿಂದ ಮಾರುವ ವಸ್ತುವನ್ನು ಖಾಲಿ ಗೋಡೆಯ ಮುಂದಿಟ್ಟು ಚಿತ್ರ ತೆಗೆಯುವುದು ಒಳ್ಳೆಯದು. 'ಊರು ಬಿಡುತ್ತಿದ್ದೇವೆ, ತುರ್ತು ಮಾರಾಟ' ಎಂಬ ಸಾಲು ಮನೆ ಯಾವಾಗ ಖಾಲಿ ಎಂಬುದನ್ನೂ ಸಾರುತ್ತದೆ. ಸಣ್ಣ ವಸ್ತುವನ್ನು ಹಗಲಿನಲ್ಲಿ, ಜನರಿರುವ ಕಡೆ ಕೊಡಬಹುದು. ಮಂಚ, ಬೀರುವಿನಂಥದ್ದನ್ನು ಗೇಟಿನ ಬಳಿಗೋ ಹಜಾರಕ್ಕೋ ತಂದಿಟ್ಟು, ಜೊತೆಗೊಬ್ಬರನ್ನು ಇರಿಸಿಕೊಂಡು ತೋರಿಸಬೇಕು. ಹಣ ಬಂದಿದೆ ಎಂಬ ಎಸ್‌ಎಂಎಸ್ಸನ್ನೂ ಸ್ಕ್ರೀನ್‌ಶಾಟನ್ನೂ ಯಾರು ಬೇಕಾದರೂ ಸೃಷ್ಟಿಸಬಹುದು. ನೋಡಬೇಕಾದದ್ದು ಖಾತೆಯ ಶಿಲ್ಕನ್ನು.

ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ದಾಟುತ್ತದೆ, ನಡುವೆ ತಡೆದರೆ ಮಾತ್ರ ಉಳಿಯುತ್ತದೆ. ಹಣ ಹೋಯಿತೆಂದು ತಿಳಿದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಬೇರೊಬ್ಬರ ಸೋಗು ಹಾಕಿ ಕಂಪ್ಯೂಟರ್ ಮೂಲಕ ವಂಚಿಸುವವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ.