ಊರ ನಡುವೆ ಸರ್ಕಾರಿ ಕಟ್ಟಡ ಏಳುವ ಬಗೆ

ರಾಯಚೂರು ನಗರಸಭೆಯನ್ನು ಮಹಾನಗರ ಪಾಲಿಕೆಯಾಗಿ ಮೇಲ್ದರ್ಜೆಗೇರಿಸಲು ಸಚಿವ ಸಂಪುಟ ಒಪ್ಪಿದ್ದು 2024ರ ಸೆಪ್ಟೆಂಬರ್ 17ರಂದು, ಕಲಬುರಗಿಯಲ್ಲಿ ನಡೆದ ಸಭೆಯಲ್ಲಿ. ಪಾಲಿಕೆ ಅಂದಮೇಲೆ ಆಯುಕ್ತರು, ಮೇಯರ್, ಹೆಚ್ಚು ಸಿಬ್ಬಂದಿ, ಹೆಚ್ಚು ಕಡತ. ಅದಕ್ಕೆಲ್ಲ ಸೂರು ಬೇಕು. ಅತ್ತ ಮಾನ್ವಿಯಿಂದ ಬೇರೆಯಾದ ಸಿರವಾರದಂಥ ಹೊಸ ತಾಲ್ಲೂಕುಗಳಿಗೂ ಕಚೇರಿ ಬೇಕು. ಮೊದಲು ಮಿನಿ ವಿಧಾನಸೌಧ ಎನ್ನುತ್ತಿದ್ದ ಈ ಕಟ್ಟಡಗಳನ್ನು ಸರ್ಕಾರ ಈಗ ಪ್ರಜಾಸೌಧ ಎಂದು ಕರೆಯುತ್ತಿದೆ. ಶಂಕುಸ್ಥಾಪನೆಯ ಫೋಟೊ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಹಿಂದೆ ಮುಂದೆ ನಡೆಯುವುದೇನು ಎಂದು ತಿಳಿದಿದ್ದರೆ ಕೇಳಬೇಕಾದ ಮಾತನ್ನು ಕೇಳಬೇಕಾದ ಹೊತ್ತಿಗೆ ಕೇಳಬಹುದು.

ಮೊದಲು ದುಡ್ಡಿನ ಮಾತು. ಕಂದಾಯ ಇಲಾಖೆಯ ಕಟ್ಟಡಕ್ಕೆ ರಾಜ್ಯ ಬಜೆಟ್ಟಿನಿಂದ ಹಣ ಬರುತ್ತದೆ. ಪಾಲಿಕೆಗೆ ಆಸ್ತಿ ತೆರಿಗೆ, ಮಳಿಗೆ ಬಾಡಿಗೆಯಂಥ ಸ್ವಂತ ಆದಾಯವಿದೆ, ಜೊತೆಗೆ ಸರ್ಕಾರದ ಅನುದಾನ. ಆದರೆ ಬರುವ ಅನುದಾನವನ್ನೆಲ್ಲ ಕಟ್ಟಡಕ್ಕೆ ಸುರಿಯಲು ಬರುವುದಿಲ್ಲ. ರಾಯಚೂರಿನಷ್ಟು ದೊಡ್ಡ ಊರುಗಳಿಗೆ 15ನೇ ಹಣಕಾಸು ಆಯೋಗ ಕೊಟ್ಟ ಹಣದಲ್ಲಿ ಶೇ. 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ನಮ್ಮ ಭಾಗಕ್ಕೆ ಇನ್ನೊಂದು ದಾರಿ ಇದೆ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯೇ ಇದರ ಬೇರು. ಮಂಡಳಿಯ ಹಣ ತಾಲ್ಲೂಕುಗಳಿಗೆ ಹಂಚಿಕೆಯಾಗುವಾಗ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ ಹಿಂದುಳಿದಿರುವಿಕೆಯ ಸೂಚ್ಯಂಕವೇ ಅಳತೆಗೋಲು. ಆ ವರದಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ದೇವದುರ್ಗ, ಮಾನ್ವಿ ಎರಡೂ ಇವೆ. ಇಂಥ ಹಣ ಶಾಲೆ ಕೊಠಡಿಗೆ, ಆಸ್ಪತ್ರೆಗೆ ಮೊದಲು ಹೋಗಲಿ, ಆಡಳಿತದ ಕಟ್ಟಡ ಆಮೇಲೆ ಎಂಬುದು ನನ್ನ ನಿಲುವು.

ದುಡ್ಡಿಗಿಂತ ದೊಡ್ಡ ಪ್ರಶ್ನೆ ಜಾಗದ್ದು. ಗಿಲ್ಲೆಸುಗೂರಿನ ರೈತರೊಬ್ಬರು ಪಹಣಿ ತಿದ್ದುಪಡಿಗೆ ರಾಯಚೂರಿಗೆ ಹೊರಟರೆ ಅದೊಂದೇ ಕೆಲಸ ಇಟ್ಟುಕೊಂಡು ಬರುವುದಿಲ್ಲ. ರಾಜೇಂದ್ರ ಗಂಜಿನಲ್ಲಿ ಹತ್ತಿಯ ದರ ವಿಚಾರಿಸಬೇಕು, ಬ್ಯಾಂಕಿಗೆ ಹೋಗಬೇಕು, ಝೆರಾಕ್ಸ್ ಮಾಡಿಸಬೇಕು, ಸಂತೆಯನ್ನೂ ಮುಗಿಸಬೇಕು. ಕಚೇರಿ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿದ್ದರೆ ಇವೆಲ್ಲ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ. ಊರ ಹೊರಗಿದ್ದರೆ ಹೋಗಲಿಕ್ಕೆ ಆಟೊ, ಬರಲಿಕ್ಕೆ ಆಟೊ. ಅಲ್ಲಿ ಹೋದಮೇಲೆ "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ್ರಿ, ನಾಳಿ ಬರ್ರಿ" ಅಂದರೆ ದಿನದ ಕೂಲಿಯೂ ಹೋಯಿತು. ಅಂದಾಜು ಪಟ್ಟಿಯಲ್ಲಿ ಸರ್ಕಾರದ ಖರ್ಚು ಇರುತ್ತದೆ, ಜನರ ಈ ಖರ್ಚು ಎಲ್ಲಿಯೂ ಇರುವುದಿಲ್ಲ.

ಅಧಿಕಾರಿಗಳು ಹೊರವಲಯದತ್ತ ವಾಲುವುದಕ್ಕೂ ಕಾರಣಗಳಿವೆ. ಅಲ್ಲಿ ಖಾಲಿ ಸರ್ಕಾರಿ ಜಮೀನು ಸಿಗುತ್ತದೆ, ಕೆಡವುವ ಕೆಲಸವಿಲ್ಲ, ವಾಹನ ನಿಲ್ಲಿಸಲು ಜಾಗವಿದೆ. ನಡುವೂರಿನ ತೀನ್ ಕಂದೀಲ್ ಸುತ್ತಿನ ದಟ್ಟಣೆಯಲ್ಲಿ ಸಿಮೆಂಟ್ ಲಾರಿ ತಿರುಗಿಸುವುದೂ ಕಷ್ಟವೇ. 1294ರ ಶಾಸನವಿರುವ ಕೋಟೆಯ ಗೋಡೆ ಊರ ನಡುವೆಯೇ ಹಾದುಹೋಗಿರುವುದರಿಂದ ಅಗೆಯುವ ಮುಂಚೆ ಪುರಾತತ್ವ ನಿಯಮವನ್ನೂ ನೋಡಬೇಕು; ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕವಾದರೆ ಅದರ ಸುತ್ತ 100 ಮೀಟರ್ ವ್ಯಾಪ್ತಿಯಲ್ಲಿ ಹೊಸ ಕಟ್ಟಡಕ್ಕೆ ನಿಷೇಧವಿದೆ. ಇಷ್ಟಿದ್ದರೂ, ದಿನವೂ ಜನ ಬರುವ ಕಚೇರಿಗಳು ನಡುವೂರಿನ ಹಳೆಯ ಸರ್ಕಾರಿ ಜಾಗದಲ್ಲೇ ಮೇಲಕ್ಕೆ ಬೆಳೆಯಬೇಕು. ತರಬೇತಿ ಕೇಂದ್ರ, ಉಗ್ರಾಣದಂಥವು ಹೊರಗೆ ಹೋದರೆ ಯಾರಿಗೂ ತೊಂದರೆಯಿಲ್ಲ.

ಜಾಗ ಗೊತ್ತಾದ ಮೇಲೆ ಎಂಜಿನಿಯರುಗಳು ಲೋಕೋಪಯೋಗಿ ಇಲಾಖೆಯ ಎಸ್‌ಆರ್ ದರಪಟ್ಟಿ ಹಿಡಿದು ಅಂದಾಜು ಪಟ್ಟಿ ಮಾಡುತ್ತಾರೆ. ಸರ್ಕಾರ ಆಡಳಿತಾತ್ಮಕ ಅನುಮೋದನೆ ಕೊಡುತ್ತದೆ, ಮೇಲಿನ ಎಂಜಿನಿಯರು ತಾಂತ್ರಿಕ ಮಂಜೂರಾತಿ ಕೊಡುತ್ತಾರೆ. ಜನರ ಮಾತಿಗೆ ಬೆಲೆ ಇರುವುದು ಈ ಹಂತದಲ್ಲಿ. ರ‍್ಯಾಂಪ್, ಲಿಫ್ಟ್, ಹೆಣ್ಣುಮಕ್ಕಳಿಗೆ ಶೌಚಾಲಯ, ಕುಡಿಯುವ ನೀರು, ಕಾಯುವವರಿಗೆ ನೆರಳು ಪಟ್ಟಿಯಲ್ಲಿ ಇವೆಯೇ ಎಂದು ಈಗಲೇ ನೋಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ಅಂಗವಿಕಲರಿಗೆ ಅನುಕೂಲವಿಲ್ಲದ ನಕ್ಷೆಗೆ ಅನುಮತಿ ಕೊಡುವಂತೆಯೇ ಇಲ್ಲ. ನಮ್ಮ ಬಿಸಿಲಿಗೆ ಗಾಜಿನ ಮುಂಗಟ್ಟು ಬೇಡ, ಆಳವಾದ ಪಡಸಾಲೆ ಬೇಕು ಎನ್ನುವುದನ್ನೂ ಈಗಲೇ ಹೇಳಬೇಕು.

ಆಮೇಲೆ ಟೆಂಡರ್. 1999ರ ಪಾರದರ್ಶಕತೆ ಕಾಯ್ದೆಯಂತೆ ಇದು ಆನ್‌ಲೈನ್‌ನಲ್ಲಿ ನಡೆಯುತ್ತದೆ. ಇದೇ ಕಾಯ್ದೆಯ 4(ಜಿ) ಕಲಮಿನ ಕೆಳಗೆ ವಿನಾಯಿತಿ ಪಡೆದು, ಟೆಂಡರಿಲ್ಲದೆ ಸರ್ಕಾರಿ ಸಂಸ್ಥೆಗೇ ಕೆಲಸ ವಹಿಸುವುದೂ ಉಂಟು.

ಕೆಲಸ ಶುರುವಾದ ಮೇಲೆ ಎಲ್ಲಕ್ಕಿಂತ ಮುಖ್ಯವಾದ ಪುಸ್ತಕ ಎಂಬಿ, ಅಂದರೆ ಅಳತೆ ಪುಸ್ತಕ. ಉದ್ದ, ಅಗಲ, ಆಳ, ಅಳೆದ ತಾರೀಖು, ಕಿರಿಯ ಎಂಜಿನಿಯರರ ಸಹಿ ಎಲ್ಲ ಅದರಲ್ಲಿರುತ್ತವೆ. ಗುತ್ತಿಗೆದಾರರ ಪ್ರತಿ ಬಿಲ್ಲೂ ಅದರ ಮೇಲೆಯೇ ನಿಂತಿದೆ. ಸ್ಲ್ಯಾಬಿಗೆ ಕಟ್ಟಿದ ಕಬ್ಬಿಣವನ್ನು ಕಾಂಕ್ರೀಟ್ ಹಾಕುವ ಮುಂಚೆಯೇ ಎಣಿಸಿ ಬರೆಯಬೇಕು, ಏಕೆಂದರೆ ಹಾಕಿದ ಮೇಲೆ ಒಳಗೆ ಎಷ್ಟು ಸರಳಿದೆ ಎಂದು ಬರಿಗಣ್ಣಿಗೆ ಕಾಣುವುದಿಲ್ಲ. ಎಂಬಿಯಲ್ಲಿ ಕಬ್ಬಿಣದ ಅಳತೆಯ ತಾರೀಖು ಸ್ಲ್ಯಾಬ್ ಹಾಕಿದ ದಿನಕ್ಕಿಂತ ಆಮೇಲಿನದಾಗಿದ್ದರೆ ವಿವರಣೆ ಕೇಳಲೇಬೇಕು.

ಕಟ್ಟಡ ಹಸ್ತಾಂತರವಾದ ಮೇಲೂ ದೋಷ ಹೊಣೆಗಾರಿಕೆ ಅವಧಿ ಎಂಬುದಿರುತ್ತದೆ. ಎಷ್ಟು ಕಾಲ ಎಂಬುದು ಕರಾರಿನಲ್ಲೇ ಬರೆದಿರುತ್ತದೆ. ಆ ಅವಧಿಯೊಳಗೆ ಮಾಳಿಗೆ ಸೋರಿದರೆ ಗುತ್ತಿಗೆದಾರರು ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ಅವಧಿ ಮುಗಿದ ಮಾರನೆಯ ದಿನ ದೂರು ಕೊಟ್ಟರೆ ರಿಪೇರಿ ಮತ್ತೆ ನಮ್ಮ ತೆರಿಗೆಯ ಮೇಲೆಯೇ ಬೀಳುತ್ತದೆ.

ಈ ಕಾಗದಗಳನ್ನೆಲ್ಲ ಮಾಹಿತಿ ಹಕ್ಕಿನಡಿ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕಾಗದ ಮಾತ್ರವಲ್ಲ, ಕಾಮಗಾರಿಯನ್ನೇ ಹೋಗಿ ನೋಡುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ 2005ರ ಆ ಕಾಯ್ದೆಯಲ್ಲಿದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಆದ್ದರಿಂದ ಅಂದಾಜು ಪಟ್ಟಿಗೆ ಒಂದು ಅರ್ಜಿ, ಎಂಬಿ ಪುಟಗಳಿಗೆ ಇನ್ನೊಂದು ಅರ್ಜಿ ಬರೆಯಿರಿ. ಎರಡರಲ್ಲೂ ಕಾಮಗಾರಿಯ ಪೂರ್ತಿ ಹೆಸರು, ಕಾರ್ಯಾದೇಶದ ಸಂಖ್ಯೆ ಇರಲಿ.