ಮಗು ತನಗೆ ತೋಚಿದ ಚಿತ್ರ ಬರೆಯಲಿ

ಎಂಟು ವರ್ಷದ ಹುಡುಗನೊಬ್ಬನನ್ನು ತಾಯಿ ನನ್ನ ಬಳಿ ಕರೆತಂದಿದ್ದರು. ಪ್ರತಿ ಗುರುವಾರ ಬೆಳಿಗ್ಗೆ ಅವನಿಗೆ ಹೊಟ್ಟೆನೋವು. ಜಂತುಹುಳುವಿನ ಔಷಧಿ ಕೊಟ್ಟದ್ದಾಗಿತ್ತು. ಮಲ, ಮೂತ್ರ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ನಿಧಾನವಾಗಿ ವಿಚಾರಿಸಿದಾಗ ವಿಷಯ ಹೊರಬಿತ್ತು. ಗುರುವಾರ ಶಾಲೆಯಲ್ಲಿ ಡ್ರಾಯಿಂಗ್ ಕ್ಲಾಸು. ಎರಡು ಗುಡ್ಡ, ನಡುವೆ ಸೂರ್ಯ, ಗುಡಿಸಲು, ತೆಂಗಿನಮರ: ಬೋರ್ಡಿನ ಮೇಲಿದ್ದ ಇದನ್ನೇ ಎಲ್ಲರೂ ಬರೆಯಬೇಕು. ಇವನು ಅಜ್ಜಿಯ ಮನೆಯ ಎಮ್ಮೆಯನ್ನು ಬರೆದಿದ್ದ. ಪುಟದ ಮೇಲೆ ಕೆಂಪು ಗೀಟು ಬಿತ್ತು. ಉಳಿದ ಮಕ್ಕಳು ನಕ್ಕರು.

ಇಂಥ ಹೊಟ್ಟೆನೋವು ನಟನೆಯಲ್ಲ. ಆತಂಕವಾದಾಗ ಕರುಳಿನ ಚಲನೆ ಏರುಪೇರಾಗಿ ನಿಜವಾಗಿಯೂ ನೋವಾಗುತ್ತದೆ. ಆದರೆ ನೋವು ಮಗುವನ್ನು ನಿದ್ದೆಯಿಂದ ಎಬ್ಬಿಸಿದರೆ, ಜ್ವರ, ಪದೇ ಪದೇ ವಾಂತಿ, ಮಲದಲ್ಲಿ ರಕ್ತ ಅಥವಾ ತೂಕದ ಇಳಿಕೆ ಕಂಡರೆ, ಮನಸ್ಸಿನದೆಂದು ಸುಮ್ಮನಿರಬಾರದು. ಕೂಡಲೇ ವೈದ್ಯರಿಗೆ ತೋರಿಸಿ.

ನಡಿಗೆ, ಮಾತುಗಳಂತೆ ಚಿತ್ರವೂ ಬೆಳವಣಿಗೆಯ ಒಂದು ಮೆಟ್ಟಿಲು. ಒಂದೂವರೆ ವರ್ಷದ ಸುಮಾರಿಗೆ ಮಗು ಗೀಚತೊಡಗುತ್ತದೆ. ಸಾಮಾನ್ಯವಾಗಿ ಮೂರು ವರ್ಷಕ್ಕೆ ವೃತ್ತವನ್ನೂ ಐದರ ಸುಮಾರಿಗೆ ತ್ರಿಕೋನವನ್ನೂ ನೋಡಿ ಬರೆಯಬಲ್ಲದು. ನಾಲ್ಕು ವರ್ಷದ ಮಗು ಬರೆದ ಮನುಷ್ಯನಿಗೆ ತಲೆಯಿಂದಲೇ ಕಾಲು ಹೊರಟಿದ್ದರೆ ಅದು ತಪ್ಪಲ್ಲ, ಆ ವಯಸ್ಸಿಗೆ ಸಹಜ.

ಮಕ್ಕಳಿಗೆ ಈ ಸ್ವಾತಂತ್ರ್ಯ ಕೊಡಬೇಕೆಂಬುದು ಹೊಸ ಮಾತೇನಲ್ಲ. ವಿಯೆನ್ನಾ ನಗರದಲ್ಲಿ ಚಿತ್ರಕಾರ ಫ್ರಾಂಜ್ ಚಿಜೆಕ್ 1897ರಲ್ಲೇ ಮಕ್ಕಳ ಕಲಾ ತರಗತಿ ತೆರೆದು, ದೊಡ್ಡವರ ಚಿತ್ರಗಳ ನಕಲು ಬಿಡಿಸಿ, ಅವರವರ ಕಲ್ಪನೆಗೆ ಅವಕಾಶ ಕೊಟ್ಟರು. ಹಾಗೆಂದರೆ ಶಿಕ್ಷಕರಿಗೆ ಕೆಲಸವಿಲ್ಲವೆಂದಲ್ಲ. ಬ್ರಷ್ ಹಿಡಿಯುವುದು, ಬಣ್ಣ ಬೆರೆಸುವುದು, ಜೇಡಿಮಣ್ಣು ಹದ ಮಾಡುವುದನ್ನು ಅವರು ತೋರಿಸಿಕೊಡಬೇಕು. ಏನು ಮಾಡಬೇಕೆಂಬ ಆಯ್ಕೆ ಮಾತ್ರ ಮಗುವಿನದು. ತಾನೇ ಆರಿಸಿ, ಕೆಡಿಸಿ, ತಿದ್ದಿಕೊಂಡ ಮಗುವಿಗೆ ತಪ್ಪಿನ ಭಯ ಕಡಿಮೆಯಾಗುತ್ತದೆ.

ಮನೆಯಲ್ಲಿ ದುಬಾರಿ ಬಣ್ಣದ ಪೆಟ್ಟಿಗೆ ಬೇಕಿಲ್ಲ. ಸೀಮೆಸುಣ್ಣ, ಇದ್ದಿಲು, ಒಂದು ಬದಿ ಖಾಲಿಯಿರುವ ಕಾಗದ ಸಾಕು. ಬಾಯಿಗೆ ಹಾಕಿಕೊಳ್ಳುವ ಚಿಕ್ಕ ಮಕ್ಕಳ ಮೇಲೆ ಕಣ್ಣಿರಲಿ. "ಇದೇನು ಹೀಗೆ?" ಎನ್ನುವ ಬದಲು "ಇದರ ಕಥೆ ಹೇಳು" ಎನ್ನಿ. ಪಕ್ಕದ ಮನೆಯ ಮಗುವಿನ ಚಿತ್ರದೊಡನೆ ಹೋಲಿಸಬೇಡಿ.

ಆ ತಾಯಿ ಶಿಕ್ಷಕಿಯೊಡನೆ ಮಾತನಾಡಿದರು. ಅವಧಿಯ ಅರ್ಧ ಸಮಯ ಮಕ್ಕಳ ಇಷ್ಟಕ್ಕೆ ಎಂದು ಒಪ್ಪಂದವಾಯಿತು. ಕೆಲವೇ ವಾರಗಳಲ್ಲಿ ನೋವು ಕಡಿಮೆಯಾಯಿತು. ಮುಂದೆ ಹುಡುಗ ನನ್ನಲ್ಲಿಗೆ ಬಂದದ್ದು ನೆಗಡಿಗೆ. ಕೈಯಲ್ಲಿ ಎಮ್ಮೆಯ ಚಿತ್ರವಿತ್ತು. ಈ ಸಲ ಜೊತೆಗೊಂದು ಕರು.