ಗದಗಿನ ಬಯಲಿಗೊಂದು ದಿಗಂತ

ಲಕ್ಷ್ಮೇಶ್ವರದ ಓದುಗರೊಬ್ಬರು ಕೇಳಿದ್ದಾರೆ: ‘ಸೆಕ್ಸ್‌ಟೆಂಟ್ ಕೈಸೇರಿದೆ, ಆದರೆ ನಮ್ಮಲ್ಲಿ ಕಡಲಿಲ್ಲ. ಕೃತಕ ದಿಗಂತಕ್ಕೆ ಪಾದರಸ ತರಲೋ, ಕನ್ನಡಿಯೋ?’ ಎರಡೂ ಬೇಡ. ಅಗಲವಾದ ತಾಟಿಗೆ ಗ್ಯಾರೇಜಿನ ಕಪ್ಪು ಎಂಜಿನ್ ಆಯಿಲ್ ಸುರಿಯಿರಿ.

ಸೆಕ್ಸ್‌ಟೆಂಟ್ ಸೂರ್ಯನ ಎತ್ತರವನ್ನು ದಿಗಂತದಿಂದ ಕೋನವಾಗಿ ಅಳೆಯುತ್ತದೆ. ಆದರೆ ಎರೆಹೊಲದಂಚಿನ ಗೆರೆಯನ್ನು ನಂಬುವಂತಿಲ್ಲ. ಅಲ್ಲಿ ಮರವಿದೆ, ದಿಬ್ಬವಿದೆ, ಕಪ್ಪತಗುಡ್ಡವಿದೆ. ತಾಟಿನ ಎಣ್ಣೆಯನ್ನು ಗುರುತ್ವವೇ ಮಟ್ಟ ಮಾಡುತ್ತದೆ. ಆಕಾಶದ ಸೂರ್ಯನನ್ನು ಎಣ್ಣೆಯೊಳಗಿನ ಸೂರ್ಯನ ಮೇಲೆ ಕೂಡಿಸಿದರೆ ಸಿಗುವುದು ಇಮ್ಮಡಿ ಕೋನ. ಉಪಕರಣದ ದೋಷ ಕಳೆದು ಅರ್ಧ ಮಾಡಿ, ಆಮೇಲೆ ವಕ್ರೀಭವನ ತಿದ್ದಿ. ಎರಡೂ ಬಿಂಬಗಳಿಗೆ ಕಪ್ಪು ಗಾಜು ಅಡ್ಡವಿರಲೇಬೇಕು, ಕಣ್ಣಿನ ಪ್ರಶ್ನೆ. ಕನ್ನಡಿಯಾದರೆ ಮಟ್ಟ ಮಾಡುವ ಕೆಲಸ ನಿಮ್ಮದು. ಅದು ಸೂರ್ಯನ ದಿಕ್ಕಿಗೆ ಡಿಗ್ರಿಯ ಅರವತ್ತನೇ ಒಂದು ಪಾಲು ವಾಲಿದರೂ ನಿಮ್ಮ ಸ್ಥಾನ ಸುಮಾರು 1,852 ಮೀಟರ್ ತಪ್ಪುತ್ತದೆ.

ಪಾದರಸದ ಕೀರ್ತಿ ದೊಡ್ಡದು. ಬ್ರಿಟಿಷ್ ಸರ್ವೆಯ ಪಂಡಿತ ನೈನ್ ಸಿಂಗ್ ಅದನ್ನು ಕವಡೆಗಳಲ್ಲಿ ಅಡಗಿಸಿಕೊಂಡು, ಯಾತ್ರಿಕನ ವೇಷದಲ್ಲಿ ಟಿಬೆಟ್ ಹೊಕ್ಕ. 1866ರ ಜನವರಿಯಲ್ಲಿ ಲಾಸಾ ತಲುಪಿದ. ಬಟ್ಟಲಿಗೆ ಪಾದರಸ ಸುರಿದು, ಯಾರ ಕಣ್ಣಿಗೂ ಬೀಳದಂತೆ ಸೂರ್ಯ-ನಕ್ಷತ್ರಗಳನ್ನು ಅಳೆದು ಆ ಊರಿನ ಅಕ್ಷಾಂಶ ಹೇಳಿದ. ಹೆಜ್ಜೆ ಎಣಿಸಲು ಅವನ ಜಪಮಾಲೆಯಲ್ಲಿ 108ರ ಬದಲು ನೂರೇ ಮಣಿ! 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಚಿನ್ನದ ಪದಕ ಕೊಟ್ಟಿತು. ಈ ಸಾಹಸ ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಆದರೂ ಪಾದರಸದ ಆವಿ ನರಗಳಿಗೆ ವಿಷ. ಮನೆಯಂಗಳಕ್ಕೆ ಅದು ಬೇಡ.

ಗಾಳಿ ಬೀಸಿದರೆ ಬಿಂಬ ನಡುಗುತ್ತದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ತಿರುಗುವ ಸೀಮೆ ಇದು. ಎಣ್ಣೆ ದಪ್ಪವಾದಷ್ಟೂ ಅಲೆ ಬೇಗ ಅಡಗುತ್ತದೆ. ಕಾಕಂಬಿಯೂ ಆದೀತು, ಇರುವೆ ಮುತ್ತದಿದ್ದರೆ. ಗಾಳಿ ತಡೆಯಲು ಗಾಜಿನ ಚಾವಣಿ ಹೊದಿಸಿದರೆ, ಗಾಜಿನ ದೋಷ ಕಳೆಯಲು ಅಳತೆಗಳ ನಡುವೆ ಒಮ್ಮೆ ಅದನ್ನು ಹಿಂದುಮುಂದು ಮಾಡಿ ಸರಾಸರಿ ತೆಗೆಯಿರಿ.

ಗಾಳಿಗಿಂತ ದೊಡ್ಡ ತೊಡಕನ್ನು ಪುಸ್ತಕಗಳು ನಮ್ಮ ಸೀಮೆಯ ಲೆಕ್ಕದಲ್ಲಿ ಹೇಳುವುದಿಲ್ಲ. ಸೆಕ್ಸ್‌ಟೆಂಟಿನ ಅಳತೆ ಸಾಮಾನ್ಯವಾಗಿ 120 ಡಿಗ್ರಿಯ ಆಸುಪಾಸಿಗೆ ಮುಗಿಯುತ್ತದೆ. ಎಂದರೆ 60 ಡಿಗ್ರಿಗಿಂತ ಮೇಲಿನ ಸೂರ್ಯ ತಾಟಿನಲ್ಲಿ ಕಂಡರೂ ಅಳತೆಗೆ ಸಿಗುವುದಿಲ್ಲ. ಗದಗಿನ ಅಕ್ಷಾಂಶ ಸುಮಾರು 15.4 ಡಿಗ್ರಿ. ಡಿಸೆಂಬರ್ 21ರ ನಡುಹಗಲಲ್ಲಿ ಸೂರ್ಯ 51 ಡಿಗ್ರಿ, ಇಮ್ಮಡಿ 102, ಸರಾಗ. ಮೇ ತಿಂಗಳ ಆರಂಭದಲ್ಲಿ ಅವನು ನೆತ್ತಿಯ ಮೇಲೆಯೇ ಇರುತ್ತಾನೆ. ಹಾಗಾಗಿ ನಡುಹಗಲಿನ ಅಭ್ಯಾಸವನ್ನು ನವೆಂಬರಿನಿಂದ ಫೆಬ್ರವರಿ ಮೊದಲ ವಾರದೊಳಗೆ ಮುಗಿಸಿ.

ಉಳಿದ ತಿಂಗಳು ಬೆಳಗಿನ ಸೂರ್ಯನಿಂದ ರೇಖಾಂಶ ಹುಡುಕಿ. ಶಿರಹಟ್ಟಿ, ಮುಂಡರಗಿ ಬಹುತೇಕ ಒಂದೇ ಅಕ್ಷಾಂಶದಲ್ಲಿವೆ. ಅಕ್ಷಾಂಶದ ಅಳತೆಯಿಂದ ಅವನ್ನು ಬೇರೆ ಮಾಡುವುದು ಕಷ್ಟ. ಆದರೆ ಮುಂಡರಗಿಗೆ ಸೂರ್ಯ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಮೊದಲೇ ನಡುನೆತ್ತಿಗೆ ಬರುತ್ತಾನೆ. ಗಡಿಯಾರವನ್ನು ಸೆಕೆಂಡಿಗೆ ಸರಿಯಾಗಿ ಹೊಂದಿಸಿಕೊಂಡು ಈ ಎರಡು ಊರುಗಳಿಂದಲೇ ಶುರುಮಾಡಿ.